ಗಡಿಯಾರಕ್ಕೆ ನೀರು ತುಂಬುವ ಹಬ್ಬ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ ತೊಳೆದು, ಅದರ ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಸೇದಿ ಸೇದಿ ತುಂಬಿದೆವು. ಕೊಡಕ್ಕೆ ತುಂಬಿದೆವು, ತಂಬಿಗೆಗೆ ತುಂಬಿದೆವು. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ ಮುಗಿಸಿ, ಮೈಯೆಲ್ಲ ಹಬೆಯಾಡುತ್ತ ಜಗಲಿಗೆ ಬಂದು ಗಂಟೆ ಎಷ್ಟೆಂದು ನೋಡಿದರೆ, ಕೈಗಡಿಯಾರಕ್ಕೂ ತುಂಬಿತ್ತು.

ತುಂಬಿತ್ತು ಎಂದರೆ ಮೀನು ಸಾಕುವಷ್ಟೇನಲ್ಲ. ಗಾಜಿನ ಒಳಮೈಗೆ, ನಾಲ್ಕರ ಗೆರೆಯಿಂದ ಏಳರ ಗೆರೆಯವರೆಗೆ, ಆಗುಂಬೆ ಬಸ್ಸಿನ ಕಿಟಕಿಗೆ ಕೂರುವಂಥ ಮಂಜು. ಒರೆಸೋಣವೆಂದರೆ ಒಳಗಿದೆ. ಬಿಡೋಣವೆಂದರೆ ಮನಸ್ಸು ಬರುವುದಿಲ್ಲ, ಏಕೆಂದರೆ ಅದರ ಬೆನ್ನಿನ ಮೇಲೆ ‘200 ಮೀಟರ್’ ಎಂದು ಕೆತ್ತಿದೆ. ನಮ್ಮ ಹಂಡೆ ಮೂರಡಿ ಆಳವೂ ಇಲ್ಲ. ಅದರೊಳಕ್ಕಾದರೂ ನಾನು ಇಳಿದಿದ್ದೆನೇ? ಮೊಗೆದು ಹೊಯ್ದುಕೊಂಡಿದ್ದೆ, ಅಷ್ಟೆ.

ಈ ಗಡಿಯಾರ ನಾನು ಕೊಂಡದ್ದಲ್ಲ. ಮಸ್ಕತ್‌ನಲ್ಲಿರುವ ಭಾವಮೈದುನ ತಂದುಕೊಟ್ಟದ್ದು. ‘ಇದು ಡೈವರ್ಸ್ ವಾಚು ಭಾವ’ ಎಂದು ಅವನು ಹೆಮ್ಮೆಯಿಂದ ಹೇಳಿದ್ದನ್ನು ಅಮ್ಮ ಒಳಗಿನಿಂದಲೇ ಕೇಳಿಸಿಕೊಂಡು, ‘ಡ್ರೈವರ್‌ಗಳ ವಾಚು ಇವನಿಗ್ಯಾಕಪ್ಪಾ, ಇವನಿಗೆ ಸೈಕಲ್ಲೇ ನೆಟ್ಟಗೆ ಬರಲ್ಲ’ ಎಂದಿದ್ದಳು. ಅದು ಸಮುದ್ರಕ್ಕೆ ಧುಮುಕುವವರ ಗಡಿಯಾರ ಎಂದು ಬಿಡಿಸಿ ಹೇಳಿದ ಮೇಲೆ ಅವಳ ಮುಖ ಇನ್ನೂ ಗಂಭೀರವಾಯಿತು. ನನಗೆ ಈಜೂ ಬರುವುದಿಲ್ಲ.

ಗಡಿಯಾರದೊಳಗೆ ಮಂಜು ಕಂಡದ್ದೇ ತಡ, ಹಬ್ಬಕ್ಕೆ ಬಂದ ನೆಂಟರೆಲ್ಲ ವೈದ್ಯರಾದರು. ಅಕ್ಕಿ ಡಬ್ಬಿಯಲ್ಲಿ ಹೂತಿಡು ಎಂದರೊಬ್ಬರು. ಬಿಸಿಲಿಗಿಡು, ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಜೊತೆ ಇಡು ಎಂದರು ಇನ್ನೊಬ್ಬರು. ನಾನು ಅಕ್ಕಿಯನ್ನೇ ಆರಿಸಿಕೊಂಡೆ. ಮೂರು ದಿನದ ನಂತರ ಮಂಜು ಹಾಗೇ ಇತ್ತು, ಜೊತೆಗೆ ಚೈನಿನ ಸಂದಿಯಲ್ಲಿ ನುಚ್ಚು ಸೇರಿತ್ತು. ಮುಚ್ಚಿದ ಗಡಿಯಾರದೊಳಗಿನ ತೇವವನ್ನು ಹೊರಗಿನ ಅಕ್ಕಿ ಹೇಗೆ ಹೀರೀತು ಎಂಬ ಪ್ರಶ್ನೆ ಆ ಮೂರು ದಿನ ಯಾರಿಗೂ ಹೊಳೆಯಲಿಲ್ಲ.

ನಮ್ಮಪ್ಪನಿಗೆ ಇಂಥ ಫಜೀತಿ ಒಮ್ಮೆಯೂ ಆದದ್ದಿಲ್ಲ. ಅವರದು ಎಚ್‌ಎಂಟಿ. ಮುಖ ತೊಳೆಯುವ ಮುಂಚೆ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಗೂಡಿನಲ್ಲಿಟ್ಟೇ ನೀರು ಮುಟ್ಟುತ್ತಿದ್ದರು. ಮಳೆ ಹನಿಯಿತೆಂದರೆ ಗಡಿಯಾರ ಜೇಬಿಗೆ, ಅವರು ಮಾತ್ರ ನೆನೆಯುತ್ತ ಮನೆಗೆ. ಬೆನ್ನಿನ ಮೇಲೆ ಒಂದು ಸಂಖ್ಯೆ ಕೆತ್ತಿಸಿಕೊಂಡ ಗಡಿಯಾರ ಬಂದ ಮೇಲೆ ನನ್ನ ತಲೆಮಾರಿನವರಿಗೆ ಆ ಅಂಜಿಕೆ ಹೋಯಿತು. ಅಂಜಿಕೆಯ ಜೊತೆ ಬುದ್ಧಿಯೂ ಸ್ವಲ್ಪ ಹೋಗಿರಬೇಕು.

ಬೆಂಗಳೂರಿಗೆ ಮರಳಿದವನು ನಮ್ಮ ಬಡಾವಣೆಯ ಹಿಂದಿನ ಓಣಿಯಲ್ಲಿರುವ ರಿಪೇರಿಯವರ ಬಳಿ ಹೋದೆ. ಹಿರಿಯರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುವುದರಿಂದ ಅವರು ನಮ್ಮನ್ನು ನೋಡುತ್ತಿದ್ದಾರೋ ನಮ್ಮ ಒಳಗನ್ನು ನೋಡುತ್ತಿದ್ದಾರೋ ತಿಳಿಯುವುದಿಲ್ಲ. ಬೆನ್ನ ಮುಚ್ಚಳ ತಿರುಗಿಸಿ ತೆಗೆದವರೇ, ಚಿಮಟದಲ್ಲಿ ಒಂದು ಕಪ್ಪು ದಾರದಂಥದ್ದನ್ನು ಎತ್ತಿ ಹಿಡಿದರು.

‘ಬ್ಯಾಟರಿ ಎಲ್ಲಿ ಹಾಕಿಸಿದ್ರಿ?’

ಬಸ್ ನಿಲ್ದಾಣದ ಹತ್ತಿರ, ಕೊಡೆ ಕೆಳಗೆ, ಐದು ನಿಮಿಷದ ಕೆಲಸ ಎಂದೆ.

‘ವಾಷರ್ ಹಳೇದನ್ನೇ ತುರುಕಿದಾನೆ. ನೋಡಿ, ಇಲ್ಲಿ ಮುಚ್ಚಳಕ್ಕೆ ಸಿಕ್ಕಿ ಜಜ್ಜಿಹೋಗಿದೆ. ಮನೇಲಿ ಕುಕ್ಕರ್ ಇದೆಯಲ್ಲ ಸಾರ್? ಗ್ಯಾಸ್ಕೆಟ್ ಸಡಿಲ ಆದ್ರೆ ಮೇಡಮ್ಮು ಎಷ್ಟು ದಿನ ಸುಮ್ಮನಿರ್ತಾರೆ?’

ಒಂದು ದಿನವೂ ಇಲ್ಲ. ಪಕ್ಕದಿಂದ ಹಬೆ ಸೋರಿ, ವಿಷಲ್ ಬಾರದೆ, ಬೇಳೆ ಬೇಯದೆ ಹೋದರೆ ಸಂಜೆಯೊಳಗೆ ಹೊಸ ಗ್ಯಾಸ್ಕೆಟ್ ಬಂದಿರಬೇಕು. ಕುಕ್ಕರಿನದು ಒಳಗಿನದನ್ನು ಹೊರಗೆ ಬಿಡದ ಕೆಲಸ, ಗಡಿಯಾರದ್ದು ಹೊರಗಿನದನ್ನು ಒಳಗೆ ಬಿಡದ ಕೆಲಸ. ಎರಡಕ್ಕೂ ಕಾವಲಿರುವುದು ಒಂದು ರಬ್ಬರ್ ಬಳೆ. ಆದರೆ ಗಡಿಯಾರದ ಬಳೆ ಸೋತಾಗ ವಿಷಲ್ ನಿಲ್ಲುವುದಿಲ್ಲ. ಅದು ಸದ್ದಿಲ್ಲದೆ ಸೋಲುತ್ತದೆ.

ಈ ಬಳೆಗಳು ಗಡಿಯಾರದಲ್ಲಿ ಮೂರು ಕಡೆ ಇರುತ್ತವಂತೆ: ಗಾಜಿನ ಸುತ್ತ, ಬೆನ್ನ ಮುಚ್ಚಳದಡಿ, ಮತ್ತು ನಾವೆಲ್ಲ ‘ಕೀ’ ಎನ್ನುವ ಆ ಪುಟ್ಟ ತಿರುಪಿನೊಳಗೆ. ಬೆವರು, ಸೋಪು, ಸೆಂಟು, ಈಜುಕೊಳದ ಕ್ಲೋರಿನ್ ಎಲ್ಲ ಸೇರಿ ರಬ್ಬರನ್ನು ದಿನದಿನಕ್ಕೆ ಗಡುಸು ಮಾಡುತ್ತವೆ. ಅದಕ್ಕಿಂತ ಕೆಟ್ಟದ್ದು ಬಿಸಿನೀರು. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ದುರ್ಬಲವಾದ ಕಡೆಯಿಂದ ಹೊರಬೀಳುತ್ತದೆ. ನಾವು ತಣ್ಣನೆ ಜಗಲಿಗೆ ಬಂದೊಡನೆ ಉಳಿದ ಗಾಳಿ ಕುಗ್ಗಿ, ಹೊರಗಿನ ತೇವವನ್ನು ಅದೇ ದಾರಿಯಿಂದ ಒಳಗೆಳೆದುಕೊಳ್ಳುತ್ತದೆ. ಆಮೇಲೆ ತಂಪಾದ ಗಾಜು ಸಿಕ್ಕಿತೆಂದರೆ ಇಬ್ಬನಿ. ಅಂದರೆ 200 ಮೀಟರ್ ಆಳದ ಸಮುದ್ರಕ್ಕೆಂದು ಮಾಡಿದ ವಸ್ತುವಿನ ನಿಜವಾದ ಶತ್ರು, ಸೀಗೆಪುಡಿಯ ಸಮೇತ, ನಮ್ಮ ಬಚ್ಚಲಲ್ಲಿ ಕುದಿಯುತ್ತಿತ್ತು.

‘ಹಾಗಾದ್ರೆ ಈ ಇನ್ನೂರು ಮೀಟರ್ ಸುಳ್ಳಾ?’ ಎಂದೆ.

‘ಸುಳ್ಳಲ್ಲ ಸಾರ್. ಹುಟ್ಟಿದಾಗ ಆಸ್ಪತ್ರೇಲಿ ಬರೆದ ತೂಕ. ಈಗಲೂ ಅಷ್ಟೇ ಇದೀರಾ?’

‘ವಾಟರ್ ಪ್ರೂಫ್’ ಎಂಬ ಮಾತು ಗಡಿಯಾರಗಳ ಮೇಲಿಂದ ಮಾಯವಾದದ್ದೂ ಇದೇ ಕಾರಣಕ್ಕೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅರ್ಧ ಶತಮಾನದ ಹಿಂದೆಯೇ ಆ ಪದಕ್ಕೆ ತಕರಾರು ತೆಗೆಯಿತು. ಆಮೇಲೆ ಎಲ್ಲರೂ ‘ವಾಟರ್ ರೆಸಿಸ್ಟೆಂಟ್’ ಎಂಬ ಹುಷಾರಿನ ಮಾತಿಗೆ ಬಂದರು. ಮಲೆನಾಡಿನವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿದವನು ನೆನೆಯುವುದಿಲ್ಲ ಎಂದು ಯಾರು ಹೇಳಿದರು? ತಡವಾಗಿ ನೆನೆಯುತ್ತಾನೆ. ಒಂದು ಗಂಟೆಯ ಮಳೆಗೆ ಕಂಬಳಿ ಗೆಲ್ಲುತ್ತದೆ. ಆಷಾಢದ ಮಳೆಗೆ ಸಂಜೆಯ ಹೊತ್ತಿಗೆ ಕಂಬಳಿಯದೇ ಒಂದು ಮಣ ಭಾರ.

ಸಂಖ್ಯೆಗಳ ವಿಷಯ ಬಂದಾಗ ಒಂದು ಜಗಳ ತೀರಿಸಿಬಿಡುತ್ತೇನೆ. 30 ಮೀಟರ್ ಎಂದು ಬರೆದ ಗಡಿಯಾರವನ್ನು ಈಜಲೂ ಕಟ್ಟಬೇಡಿ ಎನ್ನುತ್ತಾರೆ, ಸರಿಯಾದ ಸಲಹೆ. ಆದರೆ ಕಾರಣ ಕೇಳಿದರೆ, ಈಜುವಾಗ ಕೈ ಬೀಸುವ ರಭಸಕ್ಕೆ ಒತ್ತಡ ಹತ್ತು ಪಟ್ಟಾಗುತ್ತದೆ ಎಂದು ಬಲ್ಲವರಂತೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದರೂ, ಒಲಿಂಪಿಕ್ಸ್‌ನವರಿಗೂ ಅದು ಸುಲಭವಲ್ಲ, ಹೆಚ್ಚುವ ಒತ್ತಡ ಒಂದೂಕಾಲು ಮೀಟರ್ ಆಳಕ್ಕೆ ಸಮ. ಪಾಪ, ಕೈಯದೇನೂ ತಪ್ಪಿಲ್ಲ. ಸಾಮಾನ್ಯ ಗಡಿಯಾರಗಳಲ್ಲಿ ಒಂದೊಂದನ್ನೂ ನೀರಿಗಿಳಿಸಿ ನೋಡಲೇಬೇಕೆಂಬ ನಿಯಮವಿಲ್ಲ, ಕೆಲವನ್ನು ಮಾದರಿಗೆ ತೆಗೆದು ನೋಡಿದರಾಯಿತು. ಅದೂ ಹೊಚ್ಚಹೊಸದಿದ್ದಾಗ, ಅಲುಗದ ನೀರಿನಲ್ಲಿ, ಸ್ವಲ್ಪ ಹೊತ್ತು.

ಧುಮುಕುವವರ ಗಡಿಯಾರಕ್ಕೆ ಮಾತ್ರ ಐಎಸ್‌ಒ 6425 ಎಂಬ ಬೇರೆಯೇ ಕಟ್ಟಳೆ ಇದೆ. ಓದಿದರೆ ಹೆಣ್ಣು ನೋಡಲು ಬಂದ ಹಳೆಯ ಕಾಲದ ಬೀಗರ ನೆನಪಾಗುತ್ತದೆ. ಹೇಳಿಕೊಂಡ ಆಳಕ್ಕಿಂತ ಕಾಲುಭಾಗ ಹೆಚ್ಚಿನ ಒತ್ತಡದಲ್ಲಿ ಎರಡು ಗಂಟೆ ಇಡಬೇಕು. ಅಂದರೆ 200 ಮೀಟರಿನದು 250ನ್ನು ತಾಳಬೇಕು. ಲೀಟರಿಗೆ 30 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ಇಡೀ ದಿನ ನೆನೆಸಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಗಂಟೆ ಓದಲು ಬರಬೇಕು. ಇಷ್ಟಾದ ಮೇಲೂ ನಂಬಿಕೆಯಿಲ್ಲ. ಗಡಿಯಾರವನ್ನು 40ರಿಂದ 45 ಡಿಗ್ರಿಗೆ ಕಾಯಿಸಿ, ಗಾಜಿನ ಮೇಲೆ ಒಂದು ತೊಟ್ಟು ತಣ್ಣೀರಿಟ್ಟು, ಒಂದು ನಿಮಿಷ ಬಿಟ್ಟು ಒರೆಸಿ ನೋಡುತ್ತಾರೆ. ಒಳಗೆ ಮಂಜು ಕಟ್ಟಿದರೆ ಸಂಬಂಧ ಮುರಿಯಿತು. ನಮ್ಮ ಓಣಿಯ ಹಿರಿಯರು ಇದನ್ನೇ ಟೇಬಲ್ ಲ್ಯಾಂಪಿನ ತಲೆಯ ಮೇಲೆ ಗಡಿಯಾರವನ್ನು ಕಾಯಿಸಿ, ಬೆರಳ ತುದಿಯಿಂದ ಹನಿಯಿಟ್ಟು ಮಾಡುತ್ತಾರೆ. ಕಟ್ಟಳೆಯ ಹೆಸರು ಅವರಿಗೆ ಬೇಕಿಲ್ಲ.

ಗಡಿಯಾರವನ್ನು ನೀರಿಗಿಳಿಸಿ ಜಗತ್ತಿಗೇ ತೋರಿಸಿದ ಕೀರ್ತಿ ಲಂಡನ್ನಿನ ಒಬ್ಬ ಟೈಪಿಸ್ಟಿಗೆ ಸಲ್ಲುತ್ತದೆ. ಮರ್ಸಿಡಿಸ್ ಗ್ಲೈಟ್ಸ್ ಎಂಬ ಈ ಹೆಣ್ಣುಮಗಳು 1927ರ ಅಕ್ಟೋಬರ್ 7ರಂದು ಇಂಗ್ಲಿಷ್ ಕಾಲುವೆ ಈಜಿ ದಾಟಿದಳು. ಬ್ರಿಟನ್ನಿನ ಹೆಂಗಸರಲ್ಲಿ ಅವಳೇ ಮೊದಲಿಗಳು. ಕೆಲವೇ ದಿನಗಳಲ್ಲಿ ಇನ್ನೊಬ್ಬಾಕೆ ತಾನೂ ದಾಟಿದೆನೆಂದು ಸುಳ್ಳು ಹೇಳಿ ಸಿಕ್ಕಿಬಿದ್ದಳು. ಕದ್ದವಳು ಒಬ್ಬಳು, ಜಡ್ತಿಗೊಳಗಾದವಳು ಇನ್ನೊಬ್ಬಳು. ಗ್ಲೈಟ್ಸಳ ಮೇಲೂ ಜನ ಅನುಮಾನಪಟ್ಟರು. ಆಕೆ ರೋಸಿಹೋಗಿ ಅಕ್ಟೋಬರ್ 21ರಂದು, ಎಲ್ಲರ ಕಣ್ಣೆದುರೇ, ಇನ್ನೂ ತಣ್ಣಗಾಗಿದ್ದ ಆ ನೀರಿಗೆ ಮತ್ತೆ ಇಳಿದಳು. ರೋಲೆಕ್ಸ್‌ನ ಹಾನ್ಸ್ ವಿಲ್ಸ್‌ಡಾರ್ಫ್ ಸುಮ್ಮನಿರುವ ಆಸಾಮಿಯಲ್ಲ. ಹಿಂದಿನ ವರ್ಷವಷ್ಟೇ ‘ಆಯ್ಸ್ಟರ್’, ಅಂದರೆ ಸಿಂಪಿ, ಎಂಬ ನೀರು ನುಗ್ಗದ ಗಡಿಯಾರ ತಂದಿದ್ದ. ಅಂಥದ್ದೊಂದನ್ನು ಅವಳ ಕೊರಳಿಗೆ ಕಟ್ಟಿಸಿದ. ಹತ್ತು ಗಂಟೆಗೂ ಮಿಕ್ಕಿ ಈಜಿದ ಮೇಲೆ ಚಳಿಗೆ ಮರಗಟ್ಟಿದ ಅವಳನ್ನು ದೋಣಿಗೆ ಎಳೆದುಕೊಳ್ಳಬೇಕಾಯಿತು. ಕೊರಳಲ್ಲಿದ್ದದ್ದು ಟಿಕ್ ಟಿಕ್ ಎನ್ನುತ್ತಲೇ ಇತ್ತು. ನವೆಂಬರ್ 24ರ ‘ಡೈಲಿ ಮೇಲ್’ ಪತ್ರಿಕೆಯ ಮುಖಪುಟ ಪೂರ್ತಿ ಜಾಹೀರಾತು ಬಂತು. ನನಗಂತೂ ಈ ಕಥೆಯಲ್ಲಿ ಗಡಿಯಾರಕ್ಕಿಂತ ಆ ಹುಡುಗಿಯ ಹಟವೇ ದೊಡ್ಡದಾಗಿ ಕಾಣುತ್ತದೆ. ಹತ್ತು ಗಂಟೆ ಕೈಕಾಲು ಬಡಿದದ್ದು ಗಡಿಯಾರವಲ್ಲವಲ್ಲ.

ಅದು ಈಜುಗಾತಿಯ ಕಥೆಯಾಯಿತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು ಇನ್ನೂ ಆಮೇಲಿನದು. 1943ರಲ್ಲಿ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾ ಅದಕ್ಕೆ ಸಾಧನ ಕಟ್ಟಿದ ಮೇಲೆ, ಮನುಷ್ಯ ನೀರಿನಡಿ ಎಷ್ಟು ಹೊತ್ತು ಇದ್ದಾನೆಂಬುದು ಪ್ರಾಣದ ಪ್ರಶ್ನೆಯಾಯಿತು. 1953ರಲ್ಲಿ ಬ್ಲಾಂಕ್‌ಪ್ಯಾನ್ ಕಂಪನಿಯ ಫಿಷ್ಟರ್ ಎಂಬಾತ, ತಾನೂ ಒಮ್ಮೆ ಹೊತ್ತಿನ ಲೆಕ್ಕ ತಪ್ಪಿ ಗಾಳಿ ಮುಗಿಸಿಕೊಂಡು ಕಷ್ಟಪಟ್ಟು ಮೇಲೆ ಬಂದವನು, ಫ್ರೆಂಚ್ ನೌಕಾಪಡೆಯ ಮುಳುಗುಗಾರರಿಗಾಗಿ ಒಂದು ಗಡಿಯಾರ ಮಾಡಿಸಿದ. ಹೆಸರು ‘ಫಿಫ್ಟಿ ಫ್ಯಾದಮ್ಸ್’. ಫ್ಯಾದಮ್ ಎಂದರೆ ಗಾಬರಿಯಾಗಬೇಕಾಗಿಲ್ಲ, ನಮ್ಮ ಹೂವಾಡಗಿತ್ತಿ ಮಲ್ಲಿಗೆ ಅಳೆಯುವ ಮಾರು. ಎರಡು ಕೈ ಚಾಚಿದಷ್ಟು, ಆರಡಿ. ಐವತ್ತು ಮಾರು, 91 ಮೀಟರ್.

ಅದರ ಗಾಜಿನ ಸುತ್ತ ತಿರುಗುವ ಬಳೆಯೊಂದಿತ್ತು. ಬೆಜೆಲ್ ಎನ್ನುತ್ತಾರೆ. ಮುಳುಗುವ ಮುಂಚೆ ಬಳೆಯ ಮೇಲಿನ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ತಿರುಗಿಸಿಟ್ಟರೆ, ಎಷ್ಟು ನಿಮಿಷ ಕಳೆಯಿತೆಂದು ಕೂಡಿ ಕಳೆಯದೆ ಓದಬಹುದು. ಇಂದಿನ ಗಡಿಯಾರಗಳಲ್ಲಿ ಈ ಬಳೆ ಸಾಮಾನ್ಯವಾಗಿ ಎಡಕ್ಕೆ ಮಾತ್ರ ತಿರುಗುತ್ತದೆ. ಬಂಡೆಗೆ ತಗುಲಿ ಜರುಗಿದರೂ ಅದು ಕಳೆದ ಹೊತ್ತನ್ನು ಹೆಚ್ಚಾಗಿ ತೋರಿಸೀತೇ ಹೊರತು ಕಡಿಮೆಯಾಗಿ ಅಲ್ಲ. ಆಸಾಮಿ ಬೇಗ ಮೇಲೆ ಬರುತ್ತಾನೆ, ಬದುಕುತ್ತಾನೆ. ಒಂದೇ ಕಡೆಗೆ ತಪ್ಪಲು ಗೊತ್ತಿರುವ ಯಂತ್ರ! ನನ್ನ ಬಳೆಗೆ ಅಷ್ಟು ಘನವಾದ ಉದ್ಯೋಗವಿಲ್ಲ. ಕಾವೇರಿ ನೀರು ಬಂದ ದಿನ ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕುವಾಗ ಗುರುತು ತಿರುಗಿಸಿಡುತ್ತೇನೆ. ಇಪ್ಪತ್ತು ನಿಮಿಷ. ಮೀರಿದರೆ ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಯ ಮೇಲೆ ಜಲಪಾತ.

ಇನ್ನೂ ಆಳಕ್ಕೆ ಹೋದವರಿಗೆ ಬಂದ ತೊಂದರೆ ವಿಚಿತ್ರದ್ದು. ಸಮುದ್ರದ ತಳದಲ್ಲಿ ದಿನಗಟ್ಟಲೆ ಕೆಲಸ ಮಾಡುವವರು ಹೀಲಿಯಂ ಬೆರೆಸಿದ ಗಾಳಿಯ ಕೋಣೆಯಲ್ಲಿ ವಾಸಿಸುತ್ತಾರೆ. ನೀರಿಗೆ ಜಗ್ಗದ ರಬ್ಬರಿನ ಸಂದಿನಲ್ಲೂ ಹೀಲಿಯಂ ಸದ್ದಿಲ್ಲದೆ ತೂರಿ ಗಡಿಯಾರದೊಳಗೆ ಸೇರುತ್ತದೆ. ಮೇಲೆ ಬರುವಾಗ ಹೊರಗಿನ ಒತ್ತಡ ಇಳಿದು, ಒಳಗಿನದು ಹೊರಬರಲಾರದೆ, ಗಾಜು ಟಪ್ಪೆಂದು ಹಾರಿಹೋಗುತ್ತಿತ್ತು. 1967ರಲ್ಲಿ ರೋಲೆಕ್ಸ್ ಅನಿಲ ಹೊರಹೋಗಲು ಸಣ್ಣ ಕಿಂಡಿಯಿಟ್ಟ ಗಡಿಯಾರ ತಂದಿತು. ಜಪಾನಿನಲ್ಲಿ ಹಿರೋಷಿಮಾ ಸೀಮೆಯ ಮುಳುಗುಗಾರನೊಬ್ಬ 1968ರಲ್ಲಿ ಸೀಕೋ ಕಂಪನಿಗೆ ಕಾಗದ ಬರೆದು, ನಿಮ್ಮ ಗಡಿಯಾರಗಳು ಈ ಕೆಲಸಕ್ಕೆ ತಾಳುವುದಿಲ್ಲ ಎಂದ. ಅವರು ಉತ್ತರ ಕೊಡಲು ಏಳು ವರ್ಷ ತೆಗೆದುಕೊಂಡರು. 1975ರಲ್ಲಿ ಬಂದ ಉತ್ತರ 600 ಮೀಟರಿನ ಟೈಟಾನಿಯಂ ಗಡಿಯಾರ. ಕಿಂಡಿಯಿಟ್ಟು ಅನಿಲವನ್ನು ಹೊರಗಟ್ಟುವ ಬದಲು, ವಾಷರಿನ ಆಕಾರವನ್ನೇ ಬದಲಿಸಿ ಅದು ಒಳಬರದಂತೆಯೇ ಮಾಡಿದ್ದರು. ಮೀನಿನ ಡಬ್ಬಿಯಂತೆ ದಪ್ಪಗಿದೆಯೆಂದು ಜನ ಅದಕ್ಕೆ ‘ಟ್ಯೂನಾ’ ಎಂದು ಅಡ್ಡಹೆಸರಿಟ್ಟರು. ಓದುಗರ ಪತ್ರಕ್ಕೆ ಇಷ್ಟು ಮರ್ಯಾದೆ ಸಿಕ್ಕ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ.

ಇವೆಲ್ಲ ದೊಡ್ಡವರ ಮಾತು. ನಮ್ಮ ಪೈಕಿ ನಿಜವಾಗಿ ಮುಳುಗಿದವನೆಂದರೆ ಅಕ್ಕನ ಮಗ. ಮುರುಡೇಶ್ವರದಿಂದ ಸುಮಾರು ಹತ್ತು ನಾಟಿಕಲ್ ಮೈಲಿ ದೂರದ ನೇತ್ರಾಣಿ ದ್ವೀಪದಲ್ಲಿ, ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ, ಸ್ಕೂಬಾ ಇಳಿಸುತ್ತಾರೆ. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಕ್ಕೆ ಬಿಡುವುದಿಲ್ಲ. ಗಿಣಿಮೀನು ನೋಡಿ ಬಂದವನು, ‘ಮಾವ, ಅಲ್ಲಿ ಬೆಜೆಲ್ ಗಿಜೆಲ್ ಯಾರೂ ನೋಡಲ್ಲ, ಕಲಿಸೋರ ಕೈಯಲ್ಲಿ ಕಂಪ್ಯೂಟರೇ ಇರುತ್ತೆ, ಎಲ್ಲ ಅದೇ ಹೇಳುತ್ತೆ’ ಎಂದು ನನ್ನ ಗಡಿಯಾರದ ಮಾನ ಕಳೆದ. ಆದರೆ ಅವನು ಹೇಳಿದ ಇನ್ನೊಂದು ಮಾತು ಕಿವಿಯಲ್ಲಿ ಉಳಿಯಿತು. ದೋಣಿ ದಡಕ್ಕೆ ಬಂದೊಡನೆ ಸಾಮಾನನ್ನೆಲ್ಲ ಮೊದಲು ಸಿಹಿನೀರಿನ ತೊಟ್ಟಿಗೆ ಅದ್ದುತ್ತಾರಂತೆ, ಮನುಷ್ಯರ ಸ್ನಾನ ಆಮೇಲೆ. ಉಪ್ಪುನೀರು ಒಣಗಿದರೆ ಬೆಜೆಲ್ಲಿನ ಅಡಿಯಲ್ಲಿ ಹರಳುಗಟ್ಟಿ ಬಳೆ ಕಚ್ಚಿಕೊಳ್ಳುತ್ತದೆ, ಕೀಯ ಬುಡದಲ್ಲಿ ರಬ್ಬರನ್ನು ಉಜ್ಜುತ್ತದೆ. ಕೀ ಭದ್ರ ಇದೆಯೇ ಎಂದು ನೋಡಿ, ನಲ್ಲಿಯ ಕೆಳಗೆ ಬೆಜೆಲ್ ಒಂದು ಸುತ್ತು ತಿರುಗಿಸುತ್ತ ತೊಳೆದರೆ ಮುಗಿಯಿತು. ನೀರಿಗಾಗಿ ಮಾಡಿದ ಗಡಿಯಾರಕ್ಕೆ ಔಷಧಿಯೂ ನೀರೇ.

ಕೀಯ ಬಗ್ಗೆ ಓಣಿಯ ಹಿರಿಯರು ಪ್ರತ್ಯೇಕ ಪಾಠವನ್ನೇ ಮಾಡಿದರು. ತಿರುಪಿನ ಕೀಯನ್ನು ಒತ್ತಿದೊಡನೆ ಬಲಕ್ಕೆ ತಿರುವಬಾರದು. ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಂತೆ ಮೊದಲು ಮೆಲ್ಲಗೆ ಎಡಕ್ಕೆ ತಿರುವಿ, ಮರೆ ಕೂತದ್ದು ಬೆರಳಿಗೆ ತಿಳಿದ ಮೇಲೆ ಬಲಕ್ಕೆ. ಮೈಬಲ ತೋರಿಸಕೂಡದು. ನೀರಿನೊಳಗೆ ಕೈಯಿದ್ದಾಗ ಕೀ ಎಳೆಯಲೇಕೂಡದು. ಬ್ಯಾಟರಿಗೆಂದು ಮುಚ್ಚಳ ತೆರೆದಾಗಲೆಲ್ಲ ಹೊಸ ವಾಷರ್, ಅದಕ್ಕೊಂದಿಷ್ಟು ಸಿಲಿಕೋನ್ ಗ್ರೀಸು. ಗ್ರೀಸು ಹಚ್ಚುವ ರೀತಿ ನೋಡಬೇಕಿತ್ತು, ಎಳೆಗೂಸಿಗೆ ಎಣ್ಣೆ ಸವರಿದಂತೆ. ನೀರಿಗೆ ಇಳಿಸುವುದಾದರೆ ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ. ‘ಇಳಿಸಲ್ವಲ್ಲ, ಹಾಗಾದ್ರೆ ಸ್ನಾನಕ್ಕೆ ಹೋಗುವಾಗ ಬಿಚ್ಚಿಡಿ, ಅಷ್ಟು ಸಾಕು.’ ಅಪ್ಪನ ಗೂಡು, ಅಪ್ಪನ ಕರವಸ್ತ್ರ.

ಪರೀಕ್ಷೆಯ ಯಂತ್ರ ಅವರ ಮೇಜಿನ ಮೂಲೆಯಲ್ಲೇ ಇತ್ತು. ದಪ್ಪ ಗಾಜಿನ ಕೊಳವೆ, ಅರ್ಧ ನೀರು. ಗಡಿಯಾರವನ್ನು ಮೊದಲು ನೀರಿನ ಮೇಲೆ ಗಾಳಿಯಲ್ಲಿ ತೂಗುಹಾಕಿ, ಪಂಪು ಹೊಡೆದು ಒತ್ತಡ ಏರಿಸುತ್ತಾರೆ. ಎಲ್ಲಾದರೂ ಸಂದಿದ್ದರೆ ಆ ಗಾಳಿ ಗಡಿಯಾರದೊಳಗೆ ನುಗ್ಗುತ್ತದೆ. ಆಮೇಲೆ ಅದನ್ನು ನೀರಿಗಿಳಿಸಿ ಒತ್ತಡವನ್ನು ಮೆಲ್ಲಗೆ ಇಳಿಸಿದರೆ, ನುಗ್ಗಿದ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಂದು ಕಳ್ಳಗಂಡಿಯನ್ನು ತಾನೇ ತೋರಿಸಿಕೊಡುತ್ತದೆ. ನೀರು ಒಂದು ಹನಿಯೂ ಒಳಹೋಗದಂತೆ ಸೋರಿಕೆ ಹಿಡಿಯುವ ಉಪಾಯ.

ಮೊದಲು ಹಳೆಯ ವಾಷರಿನಲ್ಲೇ ಮುಚ್ಚಿ ಇಳಿಸಿದರು. ಗುಳ್ಳೆಗಾಗಿ ಕಾಯುತ್ತ ಕೂತಾಗ ಗಳಿಗೆ ಬಟ್ಟಲು ನೆನಪಾಯಿತು. ನಮ್ಮ ಹಿಂದಿನವರ ಗಡಿಯಾರವೂ ನೀರಿನಲ್ಲೇ ಇರುತ್ತಿತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ಕೊಪ್ಪರಿಗೆಯ ನೀರಿನ ಮೇಲೆ ತೇಲಿಬಿಟ್ಟರೆ, ನೀರು ಒಳಗೇರಿ ಅದು ಮುಳುಗಿದಾಗ ಒಂದು ಗಳಿಗೆ, 24 ನಿಮಿಷ. ನೀರು ಒಳಗೆ ಬಂದರಷ್ಟೇ ಕಾಲ ನಡೆಯುವುದು. ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಕಥೆ ಎಲ್ಲರಿಗೂ ಗೊತ್ತು. ಅವರು ನಮ್ಮ ಬಿಜಾಪುರದ ಕಡೆಯವರೆಂಬ ಅಭಿಮಾನವೂ ನಮಗುಂಟು. ಅವರ ಗಣಿತಗ್ರಂಥ ‘ಲೀಲಾವತಿ’ಯನ್ನು 1587ರಲ್ಲಿ ಪಾರಸಿಗೆ ತಂದ ಫೈಜಿ ಈ ಕಥೆಯನ್ನು ಬರೆದಿಟ್ಟಿದ್ದಾನೆ. ಮುಹೂರ್ತಕ್ಕಿಟ್ಟ ಬಟ್ಟಲನ್ನು ಕುತೂಹಲಕ್ಕೆ ಬಗ್ಗಿ ನೋಡಿದ ಹುಡುಗಿಯ ಒಡವೆಯಿಂದ ಮುತ್ತೊಂದು ಉದುರಿ ತೂತಿಗೆ ಕೂತಿತು. ನೀರು ಏರಲಿಲ್ಲ, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿತು, ಮದುವೆ ನಿಂತಿತು. ಲೋಕದ ಮೊಟ್ಟಮೊದಲ ವಾಟರ್ ರೆಸಿಸ್ಟೆಂಟ್ ಗಡಿಯಾರ ಅದೇ ಇರಬೇಕು. ವಾಷರ್ ಮುತ್ತಿನದು!

‘ನೋಡಿ, ಬಂತು’ ಎಂದರು ಹಿರಿಯರು. ಬೆನ್ನ ಮುಚ್ಚಳದ ಅಂಚಿನಿಂದ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲುಗಟ್ಟಿ ಏಳುತ್ತಿದ್ದವು. ಮುಚ್ಚಳ ಬಿಚ್ಚಿ, ಮೆಷಿನ್ ಒಣಗಿಸಿ, ಹೊಸ ವಾಷರ್ ಕೂರಿಸಿ ಮತ್ತೆ ಇಳಿಸಿದಾಗ ನೀರು ಕನ್ನಡಿಯಂತೆ ಸುಮ್ಮನಿತ್ತು. ‘ಮನೇಲಿ ಬಕೆಟ್ಟಿಗೆ ಹಾಕಿ ನೋಡೋಕೆ ಹೋಗಬೇಡಿ. ಅದರಿಂದ ಏನೂ ಗೊತ್ತಾಗಲ್ಲ’ ಎಂದು ಹೇಳಿಯೇ ಕಳಿಸಿದರು.

ಮರುದಿನ ಕಾವೇರಿ ನೀರಿನ ಸರದಿ. ಮೋಟಾರ್ ಹಾಕಿ, ಬೆಜೆಲ್ ತಿರುಗಿಸಿದೆ. ಎದುರಿಗೆ ತುಂಬಿದ ಬಕೆಟ್ ಇತ್ತು. ಮನುಷ್ಯನ ಬುದ್ಧಿ, ಮೆಲ್ಲಗೆ ಗಡಿಯಾರವನ್ನು ತಳಕ್ಕಿಟ್ಟು ಕುಕ್ಕರಗಾಲಲ್ಲಿ ಕೂತೆ. ಅಂಚಿನಲ್ಲಿ ಒಂದು ಗುಳ್ಳೆ ಅಂಟಿಕೊಂಡಂತಿತ್ತು. ಅದು ಒಳಗಿನಿಂದ ಬಂದದ್ದೋ, ಹೊರಗಿನಿಂದ ಹತ್ತಿದ್ದೋ? ಬೆರಳಿಂದ ತಟ್ಟಿದೆ. ಹೋಯಿತು. ಇನ್ನೊಂದು ಬಂದಂತಾಯಿತು. ಮೂಗು ನೀರಿಗೆ ತಗುಲುವಷ್ಟು ಬಗ್ಗಿ ನೋಡುತ್ತಿರುವಾಗ ಕೆಳಗಿನ ಮನೆಯಾಕೆ ‘ಟ್ಯಾಂಕು ತುಂಬೀ ಅಂಗಳ ಎಲ್ಲಾ ಹೊಳೆಯಾಗಿದೇರೀ’ ಎಂದು ಕೂಗಿದ್ದು ಕೇಳಿಸಿತು. ನೀರಿನಡಿಯ ಗಡಿಯಾರವನ್ನು ಓದಿದೆ. ಬೆಜೆಲ್ ಪ್ರಕಾರ 34 ನಿಮಿಷ. ಸ್ಪಷ್ಟವಾಗಿ ಕಾಣುತ್ತಿತ್ತು, ಒಳಗೆ ಒಂದಿಷ್ಟೂ ಮಂಜಿರಲಿಲ್ಲ.